ಪಾಲಿಕೆ ಕೆಲಸ, ಪಕ್ಷದ ಶಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಪಾಲಿಕೆ ನೌಕರರದ್ದೇ ಜಾಸ್ತಿ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನಲ್ಲಿ ಬಿಬಿಎಂಪಿ ಚುನಾವಣೆ ಕೊನೆಯ ಸಲ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಜೊತೆಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆಗಳು ಬಂದವು. ವಾರ್ಡ್‌ಗಳು ಹೊಸದಾದವು, ಟಿಕೆಟ್ ಆಕಾಂಕ್ಷಿಗಳೂ ಹೊಸಬರು ಹುಟ್ಟಿಕೊಂಡರು. ಅವರಿಗೆಲ್ಲ ಮೊದಲು ನೆನಪಾಗುವುದು ವಾರ್ಡಿನಲ್ಲಿ ಮನೆ ಮನೆ ಗೊತ್ತಿರುವ ಪಾಲಿಕೆ ಸಿಬ್ಬಂದಿ. ಹಾಗಾಗಿ ಈ ಸಂಚಿಕೆ ಪೂರ್ತಿ ಅದೇ ವಿಷಯಕ್ಕೆ. ಬರೆದವರ ಹೆಸರು ಹಾಕಿಲ್ಲ, ಹಾಕುವುದೂ ಇಲ್ಲ.

ಪ್ರಶ್ನೆ: ನಮ್ಮಮ್ಮ ಪೌರಕಾರ್ಮಿಕರು. ಎಷ್ಟೋ ವರ್ಷ ಗುತ್ತಿಗೆಯಲ್ಲಿ, ಆಮೇಲೆ ನೇರಪಾವತಿಯಲ್ಲಿ ದುಡಿದು 2025ರ ಮೇ ತಿಂಗಳಲ್ಲಿ ಖಾಯಂ ಆದರು. ಮೊದಲು ಒಂದು ಪಕ್ಷದ ಮಹಿಳಾ ಘಟಕದಲ್ಲಿದ್ದರು. ಸದಸ್ಯತ್ವದ ಕಾರ್ಡ್ ಇದೆ, ಶಾಲು ಹಾಕಿಕೊಂಡ ಹಳೇ ಫೋಟೊಗಳು ಫೇಸ್‌ಬುಕ್‌ನಲ್ಲಿವೆ. ಈಗ ನಮ್ಮ ಬೀದಿಯವರೊಬ್ಬರು ಆ ಫೋಟೊ ತೋರಿಸಿ "ನಿಮ್ಮ ಕೆಲಸ ತೆಗೆಸ್ತೀನಿ" ಅಂತ ಹೆದರಿಸುತ್ತಿದ್ದಾರೆ. ಅಮ್ಮನಿಗೆ ನಿದ್ದೆ ಇಲ್ಲ. (ಮಾಗಡಿ ರಸ್ತೆ)

ಉತ್ತರ: ಅಮ್ಮನಿಗೆ ಮೊದಲು ಹೇಳಿ, ಆ ಹಳೇ ಫೋಟೊಗಳಿಂದ ಕೆಲಸ ಹೋಗುವುದಿಲ್ಲ. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಸಿಕ್ಕಿತಲ್ಲ, ಅವರಲ್ಲಿ ಎಷ್ಟು ಜನ ಅದಕ್ಕಾಗಿಯೇ ವರ್ಷಗಟ್ಟಲೆ ಹೋರಾಟ, ಮೆರವಣಿಗೆ, ಸಭೆ ಅಂತ ಓಡಾಡಿದವರು! ಕೆಲಸಕ್ಕೆ ಸೇರುವ ಮೊದಲಿನ ರಾಜಕೀಯವನ್ನು ಅಪರಾಧ ಅಂತ ನೋಡುವ ಹಾಗಿಲ್ಲ. ಇದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದ ಮಾತು. ಆ ಪ್ರಕರಣ ನಿಮ್ಮಮ್ಮನ ಕಥೆಗೆ ತುಂಬಾ ಹತ್ತಿರದ್ದು. ಮಧ್ಯಪ್ರದೇಶದಲ್ಲಿ ಮುನಿಸಿಪಲ್ ಶಾಲೆಯ ಶಿಕ್ಷಕರೊಬ್ಬರು ಇದ್ದರು. ಆ ಶಾಲೆಯನ್ನು ಸರ್ಕಾರ ವಹಿಸಿಕೊಂಡಿತು, ಅವರೂ ಸರ್ಕಾರಿ ನೌಕರರಾದರು. ಆಮೇಲೆ ಪೊಲೀಸ್ ವರದಿ ಬಂತು, ಇವರು ಹಿಂದೆ ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಯಲ್ಲಿ ಇದ್ದವರು ಅಂತ. ಅದರ ಮೇಲೆ ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಿಂದಿನ ರಾಜಕೀಯ ನಂಬಿಕೆಯನ್ನೇ ನೆಪ ಮಾಡಿಕೊಂಡು ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳುವುದು ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಹೇಳಿತು. ಮಧ್ಯಪ್ರದೇಶ ಸರ್ಕಾರ ವಿರುದ್ಧ ರಾಮಶಂಕರ ರಘುವಂಶಿ, ಇದು ಆ ಪ್ರಕರಣದ ಹೆಸರು. ಬೀದಿಯವರು ಮತ್ತೆ ಬಂದರೆ ಈ ಹೆಸರು ಹೇಳಿ.

ಆದರೆ ಖಾಯಂ ಆದ ದಿನದಿಂದ ಲೆಕ್ಕ ಬೇರೆ. ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಅಂತ ಇದೆ. 1966ರ ಹಳೇ ನಿಯಮಗಳ ಜಾಗಕ್ಕೆ ಬಂದದ್ದು ಇದು. ಪಾಲಿಕೆಯ ಖಾಯಂ ನೌಕರರೂ ಇದಕ್ಕೆ ಬದ್ಧರಾಗಿರಬೇಕು. ಅದರ 5(1)ನೇ ನಿಯಮದ ಪ್ರಕಾರ ನೌಕರರು ಯಾವ ರಾಜಕೀಯ ಪಕ್ಷದ ಸದಸ್ಯರೂ ಆಗಿರಬಾರದು, ಪಕ್ಷದ ಜೊತೆ ಬೇರೆ ರೀತಿಯ ನಂಟೂ ಇರಬಾರದು, ರಾಜಕೀಯ ಚಳವಳಿಗೆ ದುಡ್ಡು ಕೊಡುವುದಾಗಲಿ ನೆರವು ನೀಡುವುದಾಗಲಿ ಮಾಡಬಾರದು. ರಾಜಕೀಯದಲ್ಲಿ ಭಾಗವಹಿಸುವ ಸಂಘಟನೆಗಳಿಗೂ ಇದೇ ಮಾತು.

ಅಂದಮೇಲೆ ಆ ಕಾರ್ಡ್ ಮನೆಯಲ್ಲಿ ಸುಮ್ನೆ ಇಟ್ಟುಕೊಂಡು ಕೂರುವುದು ಸರಿಯಲ್ಲ. ಪಕ್ಷದ ವಾರ್ಡ್ ಅಥವಾ ಬ್ಲಾಕ್ ಅಧ್ಯಕ್ಷರಿಗೆ ಎರಡು ಸಾಲಿನ ಪತ್ರ ಬರೆಸಿ: "ನಾನು ಪಾಲಿಕೆ ನೌಕರಳಾಗಿರುವುದರಿಂದ ಸದಸ್ಯತ್ವಕ್ಕೂ ಮಹಿಳಾ ಘಟಕದ ಜವಾಬ್ದಾರಿಗೂ ರಾಜೀನಾಮೆ ಕೊಡುತ್ತಿದ್ದೇನೆ." ತಾರೀಕು ಹಾಕಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಮತ್ತು ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಪಕ್ಷದ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಂದ ಹೊರಗೆ ಬನ್ನಿ. ಹಳೇ ಫೋಟೊ ಅಳಿಸಲೇಬೇಕು ಅಂತ ಇಲ್ಲ, ಆದರೆ ಕವರ್ ಫೋಟೊ ಆಗಿಯೋ ಪ್ರೊಫೈಲ್ ಆಗಿಯೋ ಇದ್ದರೆ ತೆಗೆಯಿರಿ, ಯಾಕೆಂದರೆ ಅದು ಇವತ್ತಿನ ನಿಲುವು ಅಂತ ಕಾಣುತ್ತದೆ. ಹೆದರಿಸಿದ ವ್ಯಕ್ತಿ ದುಡ್ಡು ಕೇಳಿದರೆ ಅದು ಸುಲಿಗೆ. ನೇರ ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: ನಾನು ಯಾರಿಗೆ ಓಟು ಹಾಕಿದೆ ಅಂತ ಆಫೀಸಿನಲ್ಲಿ ಸ್ನೇಹಿತರಿಗೆ ಹೇಳಿದರೂ ತಪ್ಪಾ? (ಜಯನಗರ)

ಉತ್ತರ: ಹೌದು, ಹೇಳಬಾರದು. ಓಟು ಹಾಕುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಯಾರಿಗೆ ಹಾಕುತ್ತೇನೆ, ಯಾರಿಗೆ ಹಾಕಿದೆ ಅನ್ನುವ ಸುಳಿವು ಕೊಡಬಾರದು ಅಂತ ನಿಯಮವೇ ಹೇಳುತ್ತದೆ. ಶಾಯಿ ಹಚ್ಚಿದ ಬೆರಳಿನ ಸೆಲ್ಫಿ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಅದರ ಕೆಳಗೆ ಹೂವಿನದೋ ಕೈಯದೋ ಇನ್ನೊಂದರದೋ ಇಮೋಜಿ ಹಾಕಬೇಡಿ. ಇನ್ನೊಂದು ಮಾತು. ವಿಧಾನಸಭೆ, ಲೋಕಸಭೆ ಚುನಾವಣೆಯ ಡ್ಯೂಟಿಗೆ ಹೋಗುವವರು ಎಷ್ಟೋ ಜನ ತಮ್ಮ ಓಟನ್ನೇ ಬಿಟ್ಟುಬಿಡುತ್ತಾರೆ. ಅಂಚೆ ಮತಕ್ಕೆ ನಮೂನೆ 12, ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಹಾಕಲು ನಮೂನೆ 12ಎ. ತರಬೇತಿಯ ದಿನವೇ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಪಾಲಿಕೆಯಲ್ಲಿ ಕಂದಾಯ ನಿರೀಕ್ಷಕಿ. ನನ್ನ ಯಜಮಾನರು ಹದಿನೈದು ವರ್ಷದಿಂದ ಒಂದು ಪಕ್ಷದಲ್ಲಿದ್ದಾರೆ, ಈ ಸಲ ವಾರ್ಡ್ ಟಿಕೆಟ್ ಕೇಳಿದ್ದಾರೆ. ಮನೆ ನನ್ನ ಹೆಸರಿನಲ್ಲಿದೆ. ಕಾಂಪೌಂಡ್ ಮೇಲೆ ಬಾವುಟ ಕಟ್ಟಿದ್ದಾರೆ, ಕೆಳಗಿನ ಹಾಲ್‌ನಲ್ಲಿ ಸಂಜೆ ಹೊತ್ತು ಕಾರ್ಯಕರ್ತರ ಸಭೆ. ಅವರನ್ನು ಬೇಡ ಅನ್ನಲು ನನಗೆ ಆಗುವುದಿಲ್ಲ. ನನ್ನ ಕೆಲಸಕ್ಕೆ ತೊಂದರೆ ಆಗುತ್ತದೆಯೇ? (ಯಲಹಂಕ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಇಕ್ಕಟ್ಟು ನಿಮ್ಮೊಬ್ಬರದ್ದಲ್ಲ. ಮಹಿಳಾ ಮೀಸಲು ವಾರ್ಡ್‌ಗಳು ಇರುವ ಊರಿನಲ್ಲಿ ಇದೇ ಪ್ರಶ್ನೆಯನ್ನು ತಿರುಗಿಸಿ ಗಂಡ ನೌಕರ, ಹೆಂಡತಿ ಅಭ್ಯರ್ಥಿ ಅಂತ ಕೇಳಿದವರೂ ಇದ್ದಾರೆ.

ನಿಮ್ಮ ಯಜಮಾನರು ಸ್ವತಂತ್ರ ನಾಗರಿಕರು. ಅವರು ಪಕ್ಷದಲ್ಲಿ ಇರುವುದಕ್ಕೆ, ಟಿಕೆಟ್ ಕೇಳುವುದಕ್ಕೆ, ಗೆಲ್ಲುವುದಕ್ಕೆ ನಿಮ್ಮ ಕೆಲಸ ಅಡ್ಡಿಯಲ್ಲ. ನಿಯಮದಲ್ಲಿ ಮನೆಯವರ ಬಗ್ಗೆ ಒಂದು ಮಾತಿದೆ ನಿಜ. ಕುಟುಂಬದವರು ಸರ್ಕಾರವನ್ನೇ ಬುಡಮೇಲು ಮಾಡುವಂಥ ಚಟುವಟಿಕೆಗೆ ಹೋಗದಂತೆ ನೌಕರರು ತಡೆಯಲು ಪ್ರಯತ್ನಿಸಬೇಕು, ಆಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದು ಅದು. ಕಾನೂನುಬದ್ಧ ಪಕ್ಷದಿಂದ ಚುನಾವಣೆಗೆ ನಿಲ್ಲುವುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಯಾರೋ ಈ ಸಾಲನ್ನು ತೋರಿಸಿ ನಿಮ್ಮನ್ನು ಹೆದರಿಸಿದರೆ ನಂಬಬೇಡಿ.

ತೊಂದರೆ ಇರುವುದು ಬಾವುಟ ಮತ್ತು ಹಾಲ್‌ನಲ್ಲಿ. ನೌಕರರು ತಮ್ಮ ಮೈಮೇಲೆ, ವಾಹನದ ಮೇಲೆ, ಮನೆಯ ಮೇಲೆ ಚುನಾವಣಾ ಚಿಹ್ನೆ ಪ್ರದರ್ಶಿಸಿದರೆ ಅದು ಚುನಾವಣೆಯಲ್ಲಿ ತಮ್ಮ ಪ್ರಭಾವ ಬಳಸಿದ ಹಾಗೆ ಅಂತ ನಿಯಮದ ವಿವರಣೆಯಲ್ಲೇ ಇದೆ. ಬಾವುಟ ಕಟ್ಟಿದವರು ನೀವಲ್ಲ, ಯಜಮಾನರು ಅಂತ ವಾದ ಮಾಡಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಮನೆ ನಿಮ್ಮ ಹೆಸರಿನಲ್ಲಿದೆ, ಅದೇ ಕಾಂಪೌಂಡ್ ಮುಂದೆ ನಿಮ್ಮ ಸ್ಕೂಟರ್ ನಿಂತಿರುತ್ತದೆ, ಪಕ್ಕದ ಬೀದಿಯವರು ಖಾತಾ ಕೆಲಸಕ್ಕೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಎದುರಾಳಿ ಒಂದು ಫೋಟೊ ತೆಗೆದು ದೂರು ಕೊಟ್ಟರೆ ವಿಚಾರಣೆ ಮುಗಿಯುವ ತನಕ ನೀವು ಓಡಾಡಬೇಕು, ಯಜಮಾನರಲ್ಲ.

ಇದನ್ನು ಅವರಿಗೆ ಜಗಳ ಮಾಡದೆ ಹೇಳಿ. ಸಭೆಗೆ ವಾರ್ಡಿನಲ್ಲಿ ಒಂದು ಕಚೇರಿ ಬಾಡಿಗೆಗೆ ಹಿಡಿಯಲಿ, ಹೇಗೂ ಚುನಾವಣೆ ಘೋಷಣೆಯಾದ ಮೇಲೆ ಹಿಡಿಯಲೇಬೇಕು. ಬಾವುಟ ಅಲ್ಲಿ ಹಾರಲಿ. ನಿಮ್ಮ ವಾಹನವನ್ನು ಪ್ರಚಾರಕ್ಕೆ ಕೊಡಬೇಡಿ. ನಿಮ್ಮ ಸಂಬಳದ ಖಾತೆಯಿಂದ ಪ್ರಚಾರದ ಖರ್ಚಿಗೆ ಒಂದು ರೂಪಾಯಿ ಹೋಗಬಾರದು, ಗಂಡನಿಗೆ ಕೊಟ್ಟದ್ದು ಅಂದರೂ ಕೊನೆಗೆ ಅದು ಚುನಾವಣೆಗೆ ಕೊಟ್ಟ ನೆರವು ಅಂತ ಕಾಣುತ್ತದೆ. ಅವರ ಜೊತೆ ಮನೆ ಮನೆಗೆ ಹೋಗಿ ಕುಂಕುಮ ಕೊಟ್ಟು ಓಟು ಕೇಳುವುದಂತೂ ಬೇಡವೇ ಬೇಡ. ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕುವುದೂ ಸಕ್ರಿಯ ರಾಜಕೀಯವೇ.

ಮುಖ್ಯವಾಗಿ, ನೀವು ಕೆಲಸ ಮಾಡುವ ವಾರ್ಡ್ ಮತ್ತು ಅವರು ನಿಲ್ಲುವ ವಾರ್ಡ್ ಒಂದೇ ಆಗಿದ್ದರೆ ಇವತ್ತೇ ನಿಮ್ಮ ಮೇಲಧಿಕಾರಿಗೆ ಬರೆದು ತಿಳಿಸಿ, ಬೇರೆ ಕಡೆಗೆ ಹಾಕಿ ಅಂತ ನೀವೇ ಕೇಳಿ. ಚುನಾವಣಾ ಕೆಲಸದಿಂದಲೂ ಬಿಡುಗಡೆ ಕೇಳಿ. ದೂರು ಬರುವ ಮೊದಲೇ ನೀವು ಬರೆದ ಪತ್ರ ಫೈಲಿನಲ್ಲಿದ್ದರೆ ಅದರ ತೂಕವೇ ಬೇರೆ.

ಪ್ರಶ್ನೆ: ನಾನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಬ್ಬ ನಾಯಕರ ವಿಡಿಯೊ ಹಾಕಿದ್ದಕ್ಕೆ ಮೇಲಧಿಕಾರಿ ಕರೆದು ಬೈದರು. ನನ್ನ ಫೋನ್, ನನ್ನ ಸ್ಟೇಟಸ್, ಅದೂ ರಾತ್ರಿ ಹತ್ತು ಗಂಟೆಗೆ. ಇವರಿಗೇನು? (ರಾಜಾಜಿನಗರ)

ಉತ್ತರ: ಹೊತ್ತಿಗೂ ಫೋನ್ ಯಾರದ್ದು ಅನ್ನುವುದಕ್ಕೂ ಇಲ್ಲಿ ಬೆಲೆ ಇಲ್ಲ. ನಡತೆ ನಿಯಮ ಕಚೇರಿ ಸಮಯಕ್ಕೆ ಮಾತ್ರ ಅಂತ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ಇದೆ. ನಿಮ್ಮ ಸ್ಟೇಟಸ್ ನೋಡುವವರಲ್ಲಿ ನಿಮ್ಮ ಟೇಬಲ್ ಮುಂದೆ ಕೆಲಸಕ್ಕೆ ಬಂದು ನಂಬರ್ ಇಸಿದುಕೊಂಡು ಹೋದ ಜನರೂ ಇರುತ್ತಾರೆ, ಅಲ್ವಾ?

2023ರ ಮೇನಲ್ಲಿ ಹೊಸ ಸರ್ಕಾರ ಬಂದ ದಿನಗಳಲ್ಲೇ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಉಚಿತ ಯೋಜನೆಗಳನ್ನೂ ರಾಜ್ಯದ ಸಾಲವನ್ನೂ ಟೀಕಿಸಿ ಜಾಲತಾಣದಲ್ಲಿ ಬರೆದರು ಅಂತ ಅಮಾನತಾದದ್ದು ನೆನಪಿರಬಹುದು. ಆಗ ತುಂಬಾ ಚರ್ಚೆ ಆಯಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದು ಪೋಸ್ಟಿಗೆ ಅಮಾನತು ಅನ್ನುವುದು ವಿಪರೀತ. ಮೊದಲು ಕರೆದು ಕೇಳಬೇಕು, ನೋಟಿಸ್ ಕೊಡಬೇಕು. ಆದರೆ ಸರ್ಕಾರದ ನೀತಿಯನ್ನು ನೌಕರರು ಬಹಿರಂಗವಾಗಿ ಟೀಕಿಸಬಾರದು ಅನ್ನುವ ನಿಯಮ ಇರುವುದೂ ನಿಜ, ಯಾವ ಪಕ್ಷದ ಸರ್ಕಾರ ಬಂದರೂ ಅದು ಹಾಗೇ ಇದೆ.

ಇನ್ನೊಂದು ಬದಿಯೂ ಗೊತ್ತಿರಲಿ. ತ್ರಿಪುರಾದಲ್ಲಿ ಮೀನುಗಾರಿಕೆ ಇಲಾಖೆಯ ನೌಕರರೊಬ್ಬರನ್ನು ನಿವೃತ್ತಿಗೆ ಕೆಲವೇ ದಿನ ಇರುವಾಗ ಅಮಾನತು ಮಾಡಿದರು. ಪಕ್ಷದ ರ‍್ಯಾಲಿಗೆ ಹೋಗಿದ್ದರು, ಫೇಸ್‌ಬುಕ್‌ನಲ್ಲಿ ಬರೆದಿದ್ದರು ಅನ್ನುವುದು ಆರೋಪ. 2020ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು. ರ‍್ಯಾಲಿಯಲ್ಲಿ ಇದ್ದ ಮಾತ್ರಕ್ಕೆ ಅದರಲ್ಲಿ ಭಾಗವಹಿಸಿದ ಹಾಗಲ್ಲ, ಸಭೆಗೆ ಸೇರುವ ಸಾವಿರಾರು ಜನರೆಲ್ಲ ಆ ಪಕ್ಷದವರಲ್ಲ, ಸರ್ಕಾರಿ ನೌಕರರಾದ ಮಾತ್ರಕ್ಕೆ ಮಾತಾಡುವ ಹಕ್ಕು ಪೂರ್ತಿ ಹೋಗುವುದಿಲ್ಲ ಅಂತ ಹೇಳಿತು. ಬೇರೆ ರಾಜ್ಯದ ತೀರ್ಪು, ಇಲ್ಲಿ ಹಾಗೇ ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ. ವಾದಕ್ಕೆ ಮಾತ್ರ ತುಂಬಾ ಬಲ ಕೊಡುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ವಿಡಿಯೊದಲ್ಲಿ ಏನಿತ್ತು ಅಂತ ನೀವು ಬರೆದಿಲ್ಲ. ಮುಖ್ಯಮಂತ್ರಿ ಒಂದು ಸೇತುವೆ ಉದ್ಘಾಟಿಸಿದ ಸುದ್ದಿ ಆಗಿದ್ದರೆ ತಪ್ಪಿಲ್ಲ. "ಮತ್ತೆ ನಮ್ಮ ಅಣ್ಣನೇ ಬರಬೇಕು" ಅಂತ ಹಾಡು ಹಾಕಿದ ರೀಲ್ ಆಗಿದ್ದರೆ ತಪ್ಪು. ಬೈದಿದ್ದು ನಿಮ್ಮ ಪುಣ್ಯ, ಬಾಯಲ್ಲಿ ಮುಗಿಯಿತು. ಫಾರ್ವರ್ಡ್ ಮಾಡುವುದು, ಲೈಕ್ ಒತ್ತುವುದು, ಗ್ರೂಪಿನ ಅಡ್ಮಿನ್ ಆಗಿರುವುದು ಎಲ್ಲದಕ್ಕೂ ಸ್ಕ್ರೀನ್‌ಶಾಟ್ ಇರುತ್ತದೆ ಅನ್ನುವುದು ತಲೆಯಲ್ಲಿರಲಿ.

ಪ್ರಶ್ನೆ: ನಮ್ಮ ಬೀದಿಯ ಗಣೇಶೋತ್ಸವ ಸಮಿತಿಗೆ ನಾನು ಖಜಾಂಚಿ. ಈ ಸಲ ಫ್ಲೆಕ್ಸ್‌ನಲ್ಲಿ ಟಿಕೆಟ್ ಆಕಾಂಕ್ಷಿಯ ದೊಡ್ಡ ಫೋಟೊ, ಕೆಳಗೆ ಸಾಲಾಗಿ ನಮ್ಮೆಲ್ಲರ ಪುಟ್ಟ ಫೋಟೊ, "ಶುಭ ಕೋರುವವರು" ಅಂತ. ನಾನು ಪಾಲಿಕೆ ಆರೋಗ್ಯ ವಿಭಾಗದವನು. (ಬನಶಂಕರಿ)

ಉತ್ತರ: ಗಣೇಶೋತ್ಸವ ಸಮಿತಿಯಲ್ಲಿ ಇರಿ, ರಾಜ್ಯೋತ್ಸವ ಸಮಿತಿಯಲ್ಲೂ ಇರಿ. ಅದು ರಾಜಕೀಯವಲ್ಲ. ಆ ಫ್ಲೆಕ್ಸ್ ಮಾತ್ರ ರಾಜಕೀಯ. ನಿಮ್ಮ ಫೋಟೊ ತೆಗೆಸಿ, ಇವತ್ತೇ. "ನನ್ನನ್ನು ಕೇಳದೆ ಹಾಕಿದರು" ಅಂತ ಆಮೇಲೆ ಹೇಳುವುದಕ್ಕಿಂತ ಸಮಿತಿ ಗ್ರೂಪಿನಲ್ಲಿ ಈಗಲೇ "ನನ್ನ ಫೋಟೊ, ಹೆಸರು ಬೇಡ, ನಾನು ಪಾಲಿಕೆ ನೌಕರ" ಅಂತ ಒಂದು ಮೆಸೇಜ್ ಹಾಕಿದರೆ ಅದೇ ನಿಮಗೆ ಸಾಕ್ಷಿ. ಖಜಾಂಚಿಯಾಗಿ ಆಕಾಂಕ್ಷಿಗಳಿಂದ ದೊಡ್ಡ ಮೊತ್ತ ಇಸಿದುಕೊಳ್ಳುವುದೂ ನಿಮ್ಮ ಕೈಯಲ್ಲಿ ಬೇಡ. ಸಮಿತಿಯ ಬೇರೆಯವರು ರಸೀದಿ ಬರೆಯಲಿ. ಇನ್ನು ಅನುಮತಿ ಇಲ್ಲದ ಫ್ಲೆಕ್ಸ್ ತೆಗೆಯಬೇಕಾದದ್ದೇ ಪಾಲಿಕೆ, ಅದರಲ್ಲಿ ಪಾಲಿಕೆಯವರದ್ದೇ ಮುಖ ಇದ್ದರೆ ಜನ ಏನಂದುಕೊಳ್ಳಬೇಕು ಹೇಳಿ.

ಪ್ರಶ್ನೆ: ಕೇಂದ್ರ ಸರ್ಕಾರ 2024ರಲ್ಲಿ ನೌಕರರು ಆರೆಸ್ಸೆಸ್ ಚಟುವಟಿಕೆಗೆ ಹೋಗಬಹುದು ಅಂತ ಆದೇಶ ಮಾಡಿದೆಯಂತೆ. ಹಾಗಾದರೆ ಪಾಲಿಕೆಯವರೂ ಹೋಗಬಹುದಲ್ಲ? (ವಿಜಯನಗರ)

ಉತ್ತರ: 2024ರ ಜುಲೈನಲ್ಲಿ ಕೇಂದ್ರ ತನ್ನ ಹಳೆಯ ನಿರ್ಬಂಧ ತೆಗೆದದ್ದು ನಿಜ. ಅದು ಕೇಂದ್ರ ಸರ್ಕಾರದ ನೌಕರರಿಗೆ. ನಿಮಗೆ ರಾಜ್ಯದ ನಿಯಮ. 2025ರ ಅಕ್ಟೋಬರ್‌ನಲ್ಲಿ ಇದೇ 5ನೇ ನಿಯಮದ ಮೇಲೆ ರಾಜ್ಯದಲ್ಲಿ ದೊಡ್ಡ ಗಲಾಟೆಯಾಯಿತು. ರಾಯಚೂರು ಜಿಲ್ಲೆಯಲ್ಲಿ ಆರೆಸ್ಸೆಸ್ ಪಥಸಂಚಲನಕ್ಕೆ ಹೋದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಬ್ಬರು ಅಮಾನತಾದರು, ಅದಕ್ಕೆ ಆಡಳಿತ ನ್ಯಾಯಮಂಡಳಿ ತಡೆ ಕೊಟ್ಟಿತು. ಅಂದರೆ ಅದು ರಾಜಕೀಯ ಸಂಘಟನೆಯೋ ಅಲ್ಲವೋ ಅನ್ನುವುದೇ ಜಗಳದ ಮೂಲ. ನಿಯಮದ ಪ್ರಕಾರ ಒಂದು ಸಂಘಟನೆ ರಾಜಕೀಯದಲ್ಲಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬಂದರೆ ಸರ್ಕಾರದ ತೀರ್ಮಾನವೇ ಕೊನೆ. ಇದು ಎಡ, ಬಲ, ಜಾತಿ, ಭಾಷೆ ಯಾವ ಸಂಘಟನೆಗಾದರೂ ಅಷ್ಟೇ. ಹೋಗಬೇಕು ಅನ್ನಿಸಿದರೆ ಮೊದಲು ಲಿಖಿತವಾಗಿ ಅನುಮತಿ ಕೇಳಿ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಪ್ರಶ್ನೆ: ಆಟೋ ಟಿಪ್ಪರ್ ಓಡಿಸುತ್ತೇನೆ, ಗುತ್ತಿಗೆದಾರರ ಕೆಳಗೆ. ನನಗೂ ಈ ನಿಯಮ ಇದೆಯಾ? ಯೂನಿಯನ್ ಸಭೆಗೆ ಹೋದರೂ ರಾಜಕೀಯ ಅಂತಾರೆ. (ಕೆ.ಆರ್. ಪುರ)

ಉತ್ತರ: ನೀವು ಪಾಲಿಕೆಯ ನೌಕರರಲ್ಲ, ಗುತ್ತಿಗೆದಾರರ ನೌಕರರು. ನಡತೆ ನಿಯಮ ನಿಮ್ಮ ಮೇಲೆ ನೇರವಾಗಿ ಬರುವುದಿಲ್ಲ. ಸಂಬಳ ಕೊಡುವಾಗ ನಮ್ಮವರಲ್ಲ, ಬಾಯಿ ಮುಚ್ಚಿಸುವಾಗ ನಮ್ಮವರು ಅನ್ನುವುದು ಅನ್ಯಾಯ, ಅದನ್ನು ಒಪ್ಪಬೇಡಿ. ಆದರೆ ಪಾಲಿಕೆಯ ಲಾಂಛನ ಇರುವ ಗಾಡಿಯಲ್ಲಿ ಪಕ್ಷದ ಬಾವುಟ, ಸ್ಟಿಕ್ಕರ್, ಹಾಡು ಬೇಡ. ಚುನಾವಣೆ ಘೋಷಣೆಯಾದ ಮೇಲೆ ನೀತಿ ಸಂಹಿತೆ ಇರುತ್ತದೆ, ಗಾಡಿಯನ್ನೇ ಹಿಡಿಯುತ್ತಾರೆ.

ಯೂನಿಯನ್ ಬೇರೆ, ಪಕ್ಷ ಬೇರೆ. ಇದು ಖಾಯಂ ಆದವರಿಗೂ ಹೇಳುವ ಮಾತು. ಸಂಬಳ, ಸಮವಸ್ತ್ರ, ಕೈಗವಸು, ಪಿಎಫ್, ಶೌಚಾಲಯ ಕೇಳುವುದು ರಾಜಕೀಯವಲ್ಲ. ನೌಕರರ ಶಾಂತಿಯುತ ಪ್ರದರ್ಶನವನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲೇ ಹೇಳಿದೆ. ಮುಷ್ಕರಕ್ಕೆ ಮಾತ್ರ ಆ ರಕ್ಷಣೆ ಇಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ 2003ರಲ್ಲಿ ತಮಿಳುನಾಡಿನ ರಂಗರಾಜನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಖಾಯಂ ನೌಕರರು ಇನ್ನೊಂದು ನೋಡಿಕೊಳ್ಳಬೇಕು. ಕಾರ್ಮಿಕ ಸಂಘ ರಾಜಕೀಯ ನಿಧಿ ಇಡುವುದಾದರೆ ಬೇರೆಯಾಗಿ ಇಡಬೇಕು, ಅದಕ್ಕೆ ಸದಸ್ಯರು ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಚಂದಾ ಕೊಡುವಾಗ ರಸೀದಿ ಓದಿ, ಸದಸ್ಯತ್ವದ ಚಂದಾ ಕೊಡಿ, ಆ ನಿಧಿಗೆ ಬೇಡ.

ಪ್ರಶ್ನೆ: ನಾನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಮಾಡುತ್ತಿದ್ದೇನೆ. ಮಾಜಿ ಕಾರ್ಪೊರೇಟರ್ ಒಬ್ಬರು ದಿನಾ ಫೋನ್ ಮಾಡಿ ಮತದಾರರ ಮೊಬೈಲ್ ನಂಬರ್ ಇರುವ ಪಟ್ಟಿ ಕೊಡು ಅನ್ನುತ್ತಾರೆ. ಒಂದು ರಸ್ತೆಯ ಹೆಸರುಗಳನ್ನು ತೆಗೆದುಹಾಕಲು ಅರ್ಜಿ ಹಾಕಿಸುತ್ತೇನೆ, ನೀನು ಸಹಿ ಮಾಡು ಅಂತಲೂ ಹೇಳಿದರು. ಹೋದ ಭಾನುವಾರ ಸಮಾವೇಶಕ್ಕೆ ನಮ್ಮ ವಾರ್ಡಿನ ಹೆಂಗಸರನ್ನು ಬಸ್ ಹತ್ತಿಸು ಅಂದರು. ನಮ್ಮ ಮೇಲಿನವರಿಗೆ ಹೇಳಿದರೆ "ಹೊಂದಿಕೊಂಡು ಹೋಗಮ್ಮ" ಅಂದರು. ಏನು ಮಾಡಲಿ? (ಹೆಬ್ಬಾಳ)

ಉತ್ತರ: ಹೊಂದಿಕೊಂಡು ಹೋಗಬೇಡಿ. ಇವತ್ತಿನ ಎಲ್ಲ ಪತ್ರಗಳಲ್ಲಿ ನನಗೆ ಜಾಸ್ತಿ ಕಳವಳ ತಂದದ್ದು ನಿಮ್ಮದೇ, ಯಾಕೆಂದರೆ ನಿಯಮದ ಹೆಸರಿನಲ್ಲಿ ಕೊನೆಗೆ ಸಿಕ್ಕಿಬೀಳುವವರು ಹೇಳಿದವರಲ್ಲ, ಹೇಳಿದ್ದನ್ನು ಮಾಡಿದ ಕೆಳಗಿನ ಸಿಬ್ಬಂದಿ.

ಮತದಾರರ ಪಟ್ಟಿಯ ಕೆಲಸ ಮಾಡುವಾಗ ನೀವು ಪಾಲಿಕೆಯವರಾದರೂ ಚುನಾವಣಾ ಆಯೋಗದ ನಿಯೋಜನೆಯಲ್ಲಿ ಇದ್ದ ಹಾಗೆ. ಆ ಕೆಲಸದಲ್ಲಿ ಕರ್ತವ್ಯಲೋಪ ಮಾಡಿದರೆ 1950ರ ಜನಪ್ರತಿನಿಧಿ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಜೈಲು, ಜೊತೆಗೆ ದಂಡ. ಇದು ಇಲಾಖೆಯ ನೋಟಿಸ್ ಅಲ್ಲ, ಕ್ರಿಮಿನಲ್ ಕೇಸು. ಮನೆಗೆ ಹೋಗಿ ನೋಡದೆ ಒಂದು ರಸ್ತೆಯ ಹೆಸರುಗಳನ್ನು ತೆಗೆಯಲು ಸಹಿ ಹಾಕಿದರೆ ನೀವು ಇದರೊಳಗೆ ಬರುತ್ತೀರಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಖಾಸಗಿ ಸಂಸ್ಥೆಯವರು ಬಿಎಲ್‌ಒ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಮತದಾರರ ಮಾಹಿತಿ ತೆಗೆದುಕೊಂಡ ಪ್ರಕರಣ ಹೊರಬಂತು. ಪಾಲಿಕೆಯ ಕಂದಾಯ ಅಧಿಕಾರಿಗಳು ಅಮಾನತಾದರು, ಚುನಾವಣಾ ಆಯೋಗದ ಸೂಚನೆ ಮೇಲೆ ಇಬ್ಬರು ಐಎಎಸ್ ಅಧಿಕಾರಿಗಳೂ ಅಮಾನತಾದರು. ಅಷ್ಟು ದೊಡ್ಡವರನ್ನೇ ಬಿಡಲಿಲ್ಲ.

ಮತದಾರರ ಪಟ್ಟಿ ಬೇಕಿದ್ದರೆ ಅವರ ಪಕ್ಷಕ್ಕೆ ಅಧಿಕೃತವಾಗಿ ಸಿಗುತ್ತದೆ. ಅದರಲ್ಲಿ ಮೊಬೈಲ್ ನಂಬರ್ ಇರುವುದಿಲ್ಲ, ಇರಬಾರದೂ ಕೂಡ. ಹಾಗಾಗಿ ನಿಮ್ಮ ಉತ್ತರ ಒಂದೇ ಆಗಿರಲಿ: "ಸರ್, ಪಟ್ಟಿ ನೋಂದಣಿ ಅಧಿಕಾರಿಗಳ ಹತ್ತಿರ ಇದೆ, ಅಲ್ಲಿಗೆ ಅರ್ಜಿ ಕೊಡಿ." ಪ್ರತಿ ಸಲವೂ ಇದೇ ವಾಕ್ಯ. ಜಗಳ ಬೇಡ, ವಿವರಣೆಯೂ ಬೇಡ.

ಬಸ್ ಹತ್ತಿಸುವ ವಿಷಯಕ್ಕೆ 5ನೇ ನಿಯಮವನ್ನೇ ಹೇಳಿ. ಈ ನಿಯಮವನ್ನು ಎಲ್ಲರೂ ನೌಕರರ ಮೇಲೆ ಬೀಸುವ ದೊಣ್ಣೆ ಅಂತ ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಸಮಾವೇಶಕ್ಕೆ ಜನ ಕರೆತರಲು ಹೇಳಿದಾಗ "ನನಗೆ ಇಷ್ಟ ಇಲ್ಲ" ಅಂದರೆ ದ್ವೇಷ ಆಗುತ್ತದೆ. "ನನ್ನ ಕೆಲಸ ಹೋಗುತ್ತದೆ ಸರ್, ನಿಯಮ ಇದೆ" ಅಂದರೆ ಅವರೂ ಮುಂದೆ ಮಾತಾಡುವುದು ಕಷ್ಟ. ಅಭ್ಯರ್ಥಿಯೊಬ್ಬರು ಗೆಲುವಿಗಾಗಿ ಸರ್ಕಾರಿ ನೌಕರರ ನೆರವು ಪಡೆಯುವುದು ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಭ್ರಷ್ಟಾಚರಣೆ, 1951ರ ಜನಪ್ರತಿನಿಧಿ ಕಾಯ್ದೆಯ 123(7)ನೇ ಸೆಕ್ಷನ್. ಆಯ್ಕೆಯೇ ರದ್ದಾಗಬಹುದು. ಇಂದಿರಾ ಗಾಂಧಿಯವರ ಆಯ್ಕೆಯನ್ನು 1975ರಲ್ಲಿ ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿದ್ದೂ ಸರ್ಕಾರಿ ಅಧಿಕಾರಿಗಳ ನೆರವು ಪಡೆದರು ಅನ್ನುವ ಕಾರಣಕ್ಕೇ.

ಫೋನ್ ಬಂದ ತಾರೀಕು, ಹೊತ್ತು, ಹೇಳಿದ ಮಾತು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಾಟ್ಸ್‌ಆ್ಯಪ್ ಮೆಸೇಜ್ ಅಳಿಸಬೇಡಿ. "ಹೊಂದಿಕೊಂಡು ಹೋಗು" ಅಂದ ಮೇಲಧಿಕಾರಿಗೆ ಬಾಯಲ್ಲಿ ಹೇಳಿದ್ದು ಸಾಕು, ಇನ್ನು ಬರೆದು ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಅವರು ತೆಗೆದುಕೊಳ್ಳದಿದ್ದರೆ ಮತದಾರರ ನೋಂದಣಿ ಅಧಿಕಾರಿಗೆ ಮೇಲ್ ಮಾಡಿ, ಜಿಲ್ಲಾ ಚುನಾವಣಾಧಿಕಾರಿಗೆ ಪ್ರತಿ ಹಾಕಿ. ನಿಮ್ಮ ಜೊತೆ ಇದೇ ಒತ್ತಡ ಅನುಭವಿಸುತ್ತಿರುವ ಬೇರೆ ಬಿಎಲ್‌ಒಗಳು ಖಂಡಿತ ಇರುತ್ತಾರೆ. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸಹಿ ಹಾಕಿ ಹೋಗಿ.

ಪ್ರಶ್ನೆ: ನಾನೇ ಚುನಾವಣೆಗೆ ನಿಲ್ಲಬೇಕು ಅಂದುಕೊಂಡಿದ್ದೇನೆ. ರಜೆ ಹಾಕಿ ನಿಂತು, ಸೋತರೆ ವಾಪಸ್ ಬರಬಹುದೇ? (ದಾಸರಹಳ್ಳಿ)

ಉತ್ತರ: ಆಗುವುದಿಲ್ಲ. ಪಾಲಿಕೆಯ ಸಂಬಳ ಪಡೆಯುವವರು ಕೆಲಸ ಬಿಡದೆ ನಿಲ್ಲುವ ಹಾಗಿಲ್ಲ. ರಾಜೀನಾಮೆ ಕೊಟ್ಟರೂ ಸಾಲದು, ಅದು ಅಂಗೀಕಾರ ಆಗಿರಬೇಕು. ಮಧ್ಯಪ್ರದೇಶದಲ್ಲಿ 2023ರಲ್ಲಿ ಡೆಪ್ಯುಟಿ ಕಲೆಕ್ಟರ್ ಒಬ್ಬರು ಜೂನ್‌ನಲ್ಲೇ ರಾಜೀನಾಮೆ ಕೊಟ್ಟರು, ಅಂಗೀಕಾರ ಆಗಿದ್ದು ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ಪಕ್ಷ ಬೇರೆಯವರಿಗೆ ಟಿಕೆಟ್ ಕೊಟ್ಟಾಗಿತ್ತು. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯ ಪಿಂಚಣಿ ಲಾಭವೂ ಹೋಗುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹದಿನೈದು ವರ್ಷ ಅರ್ಹ ಸೇವೆ ಆಗಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯುವ ದಾರಿ ಇದೆ. ಬಿ ಫಾರಂ (ಪಕ್ಷದ ಅಧಿಕೃತ ಅಭ್ಯರ್ಥಿ ಅನ್ನುವ ಪತ್ರ) ಸಿಗುತ್ತದೆ ಅಂತ ಬಾಯಿಮಾತಿನ ಭರವಸೆ ನಂಬಿ ಕೆಲಸ ಬಿಡಬೇಡಿ. ಮನೆಯಲ್ಲಿ ಸಂಬಳ ನಂಬಿಕೊಂಡಿರುವವರ ಜೊತೆ ಮೊದಲು ಕೂತು ಮಾತಾಡಿ.

ಪ್ರಶ್ನೆ: ಪಕ್ಷದ ಸಭೆಯಲ್ಲಿ ಇದ್ದೆ ಅಂತ ಕಾರಣ ಕೇಳಿ ನೋಟಿಸ್ ಬಂದಿದೆ. ನಾನು ಸುಮ್ನೆ ಮಗಳನ್ನು ಟ್ಯೂಷನ್‌ನಿಂದ ಕರೆತರಲು ಹೋಗಿ ಮೈದಾನದ ಪಕ್ಕ ನಿಂತಿದ್ದೆ. (ಬಸವನಗುಡಿ)

ಉತ್ತರ: ಹೆದರಿಕೊಂಡು "ತಪ್ಪಾಯಿತು, ಕ್ಷಮಿಸಿ" ಅಂತ ಬರೆಯಬೇಡಿ. ಎಷ್ಟೋ ಜನ ಹಾಗೆ ಬರೆದು ಮಾಡದ ತಪ್ಪನ್ನು ಒಪ್ಪಿಕೊಂಡ ಹಾಗಾಗುತ್ತದೆ. ಮೊದಲು ಯಾವ ದೂರು, ಯಾವ ಫೋಟೊ ಆಧಾರದ ಮೇಲೆ ನೋಟಿಸ್ ಕೊಟ್ಟಿದ್ದಾರೆ ಅಂತ ಪ್ರತಿ ಕೇಳಿ. ಗಡುವಿನ ಒಳಗೇ ಉತ್ತರ ಕೊಡಿ, ಬೇಕಿದ್ದರೆ ಗಡುವು ವಿಸ್ತರಿಸಿ ಅಂತ ಕೇಳಿ, ಸುಮ್ಮನಿರುವುದು ಮಾತ್ರ ಬೇಡ. ಟ್ಯೂಷನ್‌ನ ಸಮಯ, ಮೇಷ್ಟ್ರ ಒಂದು ಚೀಟಿ, ಆ ಹೊತ್ತಿನಲ್ಲಿ ನೀವು ಮನೆಗೆ ಮಾಡಿದ ಫೋನ್ ಕರೆ, ಏನಿದೆಯೋ ಸೇರಿಸಿ. ಕೇಂದ್ರ ಗೃಹ ಸಚಿವಾಲಯ 1949ರಲ್ಲೇ ತನ್ನ ನೌಕರರ ಬಗ್ಗೆ ಒಂದು ಸ್ಪಷ್ಟನೆ ಕೊಟ್ಟಿತ್ತು. ಸಭೆ ಎಲ್ಲರಿಗೂ ಮುಕ್ತವಾಗಿದ್ದು, ನಿಷೇಧಾಜ್ಞೆ ಮೀರಿ ನಡೆಯದೆ, ನೌಕರರು ಅಲ್ಲಿ ಭಾಷಣ ಮಾಡದೆ, ಸಭೆ ನಡೆಸುವುದರಲ್ಲಿ ಮುಂದೆ ನಿಲ್ಲದೆ ಇದ್ದರೆ ಬರೀ ಹಾಜರಿಯನ್ನು ರಾಜಕೀಯ ಅನ್ನಬೇಕಿಲ್ಲ ಅಂತ. ಮೇಲೆ ಹೇಳಿದ ತ್ರಿಪುರಾ ತೀರ್ಪಿನ ಜೊತೆ ಇದನ್ನೂ ಉತ್ತರದಲ್ಲಿ ಬರೆಯಿರಿ.

ಅಕಸ್ಮಾತ್ ಅಮಾನತು ಮಾಡಿದರೂ ಅದು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವ ತನಕದ ವ್ಯವಸ್ಥೆ. ಶುರುವಿನಲ್ಲಿ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಬರಬೇಕು, ಬರದಿದ್ದರೆ ಬರೆದು ಕೇಳಿ. ದೊಡ್ಡ ಶಿಕ್ಷೆ ಕೊಡಬೇಕಾದರೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಂತೆ ದೋಷಾರೋಪಣ ಪಟ್ಟಿ ಕೊಟ್ಟು, ಸಾಕ್ಷಿ ವಿಚಾರಿಸಿ, ನಿಮ್ಮ ಮಾತು ಕೇಳಿಯೇ ಕೊಡಬೇಕು. ಆ ಸಾಕ್ಷಿಗಳಿಗೆ ಪ್ರಶ್ನೆ ಹಾಕುವ ಹಕ್ಕು ನಿಮಗಿದೆ. ಉತ್ತರ ಕೊಡುವ ಮೊದಲು ಸೇವಾ ವಿಷಯ ನೋಡುವ ವಕೀಲರಿಗೆ ಒಂದು ಸಲ ತೋರಿಸಿ, ಮತ್ತು ಕಚೇರಿಗೆ ಕೊಡುವ ಪ್ರತಿ ಹಾಳೆಯ ಮೇಲೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.